ಕೆಲಸಕ್ಕೊಂದು ಫೋನು, ಅಪರೂಪಕ್ಕೆ ದಾರಿ ನೋಡಲೂ ಅದೇ: ಎಷ್ಟರದ್ದು ಸಾಕು?

ಎರಡು ತಿಂಗಳಲ್ಲಿ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಮೊದಲು ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುವ ಭಾವ. "ಇಪ್ಪತ್ತು ಸಾವಿರ ತೆಗೆದಿಟ್ಟಿದೀನಿ. ಯಾವ ಫೋನ್ ತಗೊಳ್ಳಲಿ ಹೇಳಪ್ಪ" ಎಂದರು. ಆಮೇಲೆ ತಂಗಿ. ಮಹಿಳಾ ಸಂಘಗಳಿಗೆ ಸಾಲ ಕೊಡುವ ಕಚೇರಿಯೊಂದರಲ್ಲಿ ಅವಳ ಕೆಲಸ. ವಾರದಲ್ಲಿ ನಾಲ್ಕು ದಿನ ಸ್ಕೂಟಿಯಲ್ಲಿ ಹಳ್ಳಿ ಸುತ್ತುತ್ತಾಳೆ. ಮೂರನೆಯವನು ದೊಡ್ಡಪ್ಪನ ಮಗ. ಹೊಳಲ್ಕೆರೆ ಕಡೆ ಚರಂಡಿ, ಕಾಂಪೌಂಡು, ಸಣ್ಣಪುಟ್ಟ ಮನೆ ಕಟ್ಟಿಸುವ ಕಂಟ್ರಾಕ್ಟರ್. ಅವನಿಗೆ ಐಫೋನ್ ಮೇಲೆ ಮನಸ್ಸು.

ಮೂವರಿಗೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ. ದಿನಕ್ಕೆ ಐವತ್ತು ಅರವತ್ತು ಕರೆ. ಮುಗಿಯದ ವಾಟ್ಸಾಪ್. ಬಿಲ್ಲಿನ ಫೋಟೋ, ಪಿಡಿಎಫ್, ಯುಪಿಐ, ಬ್ಯಾಂಕಿನ ಆ್ಯಪ್. ತಿಂಗಳಿಗೆ ನಾಲ್ಕೈದು ಸಲ ಗೊತ್ತಿಲ್ಲದ ಊರಿಗೆ ಮ್ಯಾಪ್ ಹಾಕಿಕೊಂಡು ಹೋಗಬೇಕು. ಗೇಮ್ ಆಡುವವರಲ್ಲ, ವಿಡಿಯೋ ಮಾಡುವವರಲ್ಲ. ಇಂಥವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆದರೆ ಫೋನಿನ ಬಗ್ಗೆ ಬರುವ ಮಾತೆಲ್ಲ ಕ್ಯಾಮೆರಾ ಮತ್ತು ಗೇಮ್ ಸುತ್ತಲೇ ಇರುತ್ತದೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ನಾನು ದಾವಣಗೆರೆಯಲ್ಲಿ ಹನಿ ನೀರಾವರಿ ಪೈಪು ಮಾರುವ ಅಂಗಡಿಯಲ್ಲಿದ್ದೇನೆ. ಹೊಲಕ್ಕೆ ಹೋಗಿ ಅಳತೆ ತೆಗೆಯುವುದು ನನ್ನ ಪಾಲಿನ ಕೆಲಸ. ಜಗಳೂರು, ಚನ್ನಗಿರಿ, ಹೊಸದುರ್ಗ ಎಲ್ಲ ಕಡೆ ಓಡಾಟ. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು. ಜಿಲ್ಲೆ ಎರಡಾಯಿತು, ನಮ್ಮ ಗಿರಾಕಿಗಳು ಮಾತ್ರ ಎರಡೂ ಕಡೆ ಹರಡಿಕೊಂಡೇ ಇದ್ದಾರೆ. ಹಾಗಾಗಿ ಈ ವಿಷಯದಲ್ಲಿ ನಾನು ಕಲಿತದ್ದು ಬಹುತೇಕ ಹೊಲದ ಬದುವಿನ ಮೇಲೆ ನಿಂತು ಕಲಿತದ್ದು.

ಏನನ್ನು ನೋಡಿ ಅಳೆಯಬೇಕು

ಮೊದಲನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ಫೋನು ಎಷ್ಟು ವರ್ಷ ಬಾಳುತ್ತದೆ ಅನ್ನುವುದು. ಗಾಜು ಒಡೆಯದೆ ಇರುವ ಮಾತಲ್ಲ ಇದು. ಕಂಪನಿ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತದೆ ಅನ್ನುವ ಮಾತು. ನಿಮ್ಮ ಬ್ಯಾಂಕು, ಯುಪಿಐ, ಗಿರಾಕಿಗಳ ಲೆಕ್ಕ ಎಲ್ಲ ಆ ಫೋನಿನಲ್ಲೇ ಇದೆ ಅಲ್ವಾ? ಅಪ್‌ಡೇಟ್ ನಿಂತ ಫೋನು ಬೀಗ ಸವೆದ ಗಲ್ಲಾಪೆಟ್ಟಿಗೆ ಇದ್ದ ಹಾಗೆ. ದಿನ ಕಳೆದಂತೆ ಬ್ಯಾಂಕಿನ ಆ್ಯಪ್‌ಗಳೂ ಹಳೆಯ ಆಂಡ್ರಾಯ್ಡನ್ನು ಕೈಬಿಡುತ್ತವೆ.

ಇಲ್ಲಿ ಒಂದು ಮಾತು ಗಮನಿಸಿ. ಈ ವರ್ಷಗಳ ಲೆಕ್ಕ ಶುರುವಾಗುವುದು ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ನೀವು ಕೊಂಡ ದಿನದಿಂದ ಅಲ್ಲ. ಎರಡು ವರ್ಷ ಹಳೆಯ ಮಾಡೆಲ್ ಹಬ್ಬದ ಆಫರ್‌ನಲ್ಲಿ ಅಗ್ಗಕ್ಕೆ ಸಿಕ್ಕರೆ, ಆ ಎರಡು ವರ್ಷ ಆಗಲೇ ಖರ್ಚಾಗಿರುತ್ತದೆ. ಹಾಗಾಗಿ ಅಂಗಡಿಯಲ್ಲಿ "ಎಷ್ಟು ವರ್ಷ ಅಪ್‌ಡೇಟ್" ಎಂದು ಕೇಳಿದರೆ ಸಾಲದು, "ಯಾವ ವರ್ಷದವರೆಗೆ" ಎಂದು ಕೇಳಬೇಕು.

ಎರಡನೆಯದು ರ‍್ಯಾಮ್ ಮತ್ತು ಸ್ಟೋರೇಜ್. ರ‍್ಯಾಮ್ ಅಂದರೆ ತೆರೆದ ಆ್ಯಪ್‌ಗಳು ಓಡುವ ಜಾಗ, ಸ್ಟೋರೇಜ್ ಅಂದರೆ ಫೋಟೋ, ಫೈಲು ಕೂಡಿಡುವ ಜಾಗ. ಕೆಲಸದ ಫೋನಿಗೆ 6 ಜಿಬಿ ರ‍್ಯಾಮ್‌ಗಿಂತ ಕಡಿಮೆ ಬೇಡ, 8 ಇದ್ದರೆ ನೆಮ್ಮದಿ. 4 ಜಿಬಿ ಫೋನಿನಲ್ಲಿ ಮ್ಯಾಪ್ ಓಡುವಾಗ ಕರೆ ಬಂದು, ಜೊತೆಗೆ ವಾಟ್ಸಾಪ್ ತೆರೆದರೆ ಮ್ಯಾಪ್ ಹಿಂದೆಯೇ ಮುಚ್ಚಿಹೋಗುವುದುಂಟು. ಮತ್ತೆ ತೆರೆಯುವಷ್ಟರಲ್ಲಿ ತಿರುವು ದಾಟಿರುತ್ತದೆ. ಡಬ್ಬಿಯ ಮೇಲೆ "4+4 ಜಿಬಿ" ಎಂದು ಬರೆದಿದ್ದರೆ ನಿಜವಾದ ರ‍್ಯಾಮ್ ನಾಲ್ಕೇ. ಉಳಿದ ನಾಲ್ಕು ಸ್ಟೋರೇಜಿನಿಂದ ಎರವಲು ತಂದದ್ದು, ಅದು ಅಷ್ಟು ವೇಗವಾಗಿ ಕೆಲಸ ಮಾಡುವುದಿಲ್ಲ. ಸ್ಟೋರೇಜ್ 128 ಜಿಬಿ ಸಾಕು. 64 ಜಿಬಿ ಆದರೆ ವಾಟ್ಸಾಪ್ ಗ್ರೂಪುಗಳೇ ಒಂದೂವರೆ ವರ್ಷದಲ್ಲಿ ತುಂಬಿಸಿಬಿಡುತ್ತವೆ.

ಮೂರನೆಯದು ದಾರಿ ತೋರಿಸುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಎಡವುವುದು ಇಲ್ಲೇ.

ನಾಲ್ಕು ವರ್ಷದ ಹಿಂದೆ ನನ್ನ ಹತ್ತಿರ ಒಂಬತ್ತು ಸಾವಿರದ ಫೋನ್ ಇತ್ತು. ಒಂದು ಸಂಜೆ ಜಗಳೂರು ದಾಟಿ ಒಬ್ಬ ರೈತರ ಹೊಲಕ್ಕೆ ಹೊರಟಿದ್ದೆ. ದಾರಿ ಕವಲೊಡೆಯಿತು. ಗಾಡಿ ನಿಲ್ಲಿಸಿ ಮ್ಯಾಪ್ ನೋಡಿದೆ. ನಾನು ನಿಂತ ಜಾಗ ಸರಿಯಾಗಿಯೇ ತೋರಿಸುತ್ತಿತ್ತು. ಆದರೆ ನನ್ನ ಮುಖ ಯಾವ ಕಡೆ ಇದೆ ಅನ್ನುವುದು ಫೋನಿಗೆ ಗೊತ್ತಿರಲಿಲ್ಲ. ಎಡ ಅಂದುಕೊಂಡು ಹೋದದ್ದು ತಪ್ಪಾಯಿತು. ಆರು ಕಿಲೋಮೀಟರ್ ಆಚೆಯ ಬೇರೆ ಹಟ್ಟಿಗೆ ಹೋಗಿ ತಲುಪಿದೆ. ನೆಟ್‌ವರ್ಕ್ ಇರಲಿಲ್ಲ, ಕತ್ತಲಾಗಿತ್ತು, ಆ ರೈತರು ಹೊಲದಲ್ಲೇ ಎರಡು ಗಂಟೆ ಕಾದಿದ್ದರು. ಮನೆಗೆ ಬಂದು ಹುಡುಕಿದ ಮೇಲೆ ಗೊತ್ತಾಯಿತು: ಆ ಫೋನಿನಲ್ಲಿ ದಿಕ್ಸೂಚಿ ಸೆನ್ಸರೇ ಇರಲಿಲ್ಲ.

ಜಿಪಿಎಸ್ ಹೇಳುವುದು ನೀವು ಎಲ್ಲಿದ್ದೀರಿ ಅನ್ನುವುದನ್ನು ಮಾತ್ರ. ನೀವು ಚಲಿಸುತ್ತಿದ್ದರೆ, ಹಿಂದಿನ ಜಾಗ ಮತ್ತು ಈಗಿನ ಜಾಗ ಹೋಲಿಸಿ ಯಾವ ಕಡೆ ಹೋಗುತ್ತಿದ್ದೀರಿ ಎಂದು ಫೋನು ಲೆಕ್ಕ ಹಾಕುತ್ತದೆ. ನಿಂತುಬಿಟ್ಟರೆ ಆ ಲೆಕ್ಕ ನಡೆಯುವುದಿಲ್ಲ. ಆಗ ಬೇಕಾಗುವುದು ಮ್ಯಾಗ್ನೆಟೋಮೀಟರ್, ಅಂದರೆ ದಿಕ್ಸೂಚಿ. ಅದರ ಜೊತೆ ಗೈರೋಸ್ಕೋಪ್ ಇದ್ದರೆ ತಿರುಗಿದ್ದು ಕೂಡಲೇ ಗೊತ್ತಾಗುತ್ತದೆ. ಅಗ್ಗದ ಫೋನುಗಳಲ್ಲಿ ಖರ್ಚು ಉಳಿಸಲು ಕೆಲವೊಮ್ಮೆ ಇವೆರಡನ್ನೇ ಬಿಟ್ಟಿರುತ್ತಾರೆ. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಪರೀಕ್ಷೆ ಮಾತ್ರ ಬಹಳ ಸುಲಭ. ಅಂಗಡಿಯ ಹೊರಗೆ ನಿಂತು ಗೂಗಲ್ ಮ್ಯಾಪ್ಸ್ ತೆರೆಯಿರಿ. ನೀಲಿ ಚುಕ್ಕೆಯಿಂದ ಟಾರ್ಚ್ ಬೆಳಕು ಬಿಟ್ಟ ಹಾಗೆ ಒಂದು ನೀಲಿ ನೆರಳು ಹರಡಿರಬೇಕು. ನಿಂತಲ್ಲೇ ಒಂದು ಸುತ್ತು ತಿರುಗಿ. ಆ ಬೆಳಕೂ ನಿಮ್ಮ ಜೊತೆ ತಿರುಗಿದರೆ ದಿಕ್ಸೂಚಿ ಇದೆ. ತಡವರಿಸಿದರೆ ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಎರಡು ಸಲ ಆಡಿಸಿ ಮತ್ತೆ ನೋಡಿ. ಬರೀ ಚುಕ್ಕೆ ಇದ್ದು ಬೆಳಕೇ ಇಲ್ಲದಿದ್ದರೆ ಆ ಫೋನ್ ಬೇಡ.

ಇನ್ನೊಂದು ಭಯ "ನೆಟ್ ಇಲ್ಲದಿದ್ದರೆ ಮ್ಯಾಪ್ ಇಲ್ಲ" ಅನ್ನುವುದು. ಅದು ಅರ್ಧ ಮಾತ್ರ ನಿಜ. ಉಪಗ್ರಹದ ಸಂಕೇತ ಹಿಡಿಯಲು ಇಂಟರ್ನೆಟ್ ಬೇಕಿಲ್ಲ. ನಕ್ಷೆಯ ಚಿತ್ರ ಇಳಿಸಲು ಬೇಕು. ಅದನ್ನು ಮನೆಯ ವೈಫೈನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಬಹುದು. ಹರಿಹರದಿಂದ ಹಿರಿಯೂರಿನವರೆಗೆ ಒಂದು ಚೌಕ ಎಳೆದು ನಾನು ಇಳಿಸಿಕೊಂಡಿದ್ದೇನೆ. ಹಾಗೆ ಮಾಡಿದರೆ ಗಾಡಿಯ ದಾರಿ ಆಫ್‌ಲೈನ್‌ನಲ್ಲೂ ಹೇಳುತ್ತದೆ. ಟ್ರಾಫಿಕ್ ಗೊತ್ತಾಗುವುದಿಲ್ಲ, ನಡೆದು ಹೋಗುವ ದಾರಿ ಸಿಗುವುದಿಲ್ಲ, ಅಷ್ಟೇ. ಹೊರಡುವ ಮುಂಚೆ, ಊರಲ್ಲಿ ನೆಟ್ ಇರುವಾಗಲೇ ಮ್ಯಾಪ್ ಒಮ್ಮೆ ತೆರೆಯಿರಿ. ಯಾವ ಉಪಗ್ರಹ ಎಲ್ಲಿದೆ ಅನ್ನುವ ಮಾಹಿತಿಯನ್ನು ಫೋನು ನೆಟ್ ಮೂಲಕ ಬೇಗ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಬಯಲಲ್ಲಿ ನಿಂತು ಕಾಯುವುದು ಆಗಲೇ.

ದಾರಿ ಹೇಳುವ ದನಿಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು. 2018ರಿಂದಲೇ ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ದಾರಿ ಹೇಳುತ್ತದೆ. ಹೆಲ್ಮೆಟ್ ಒಳಗೆ ಇಯರ್‌ಫೋನ್ ಹಾಕಬೇಡಿ, ಸ್ಪೀಕರ್ ಗಟ್ಟಿಯಾಗಿರುವ ಫೋನ್ ನೋಡಿ.

ಎರಡು ಬಗೆಯ ಉಪಗ್ರಹ ಸಂಕೇತ ಹಿಡಿಯುವ ಫೋನುಗಳಿವೆ, ಎಲ್1 ಮತ್ತು ಎಲ್5 ಎನ್ನುತ್ತಾರೆ. ಎತ್ತರದ ಕಟ್ಟಡಗಳಿಗೆ ಬಡಿದು ಬರುವ ಸಂಕೇತದಿಂದ ಆಗುವ ತಪ್ಪು ಇದರಲ್ಲಿ ಕಡಿಮೆ. ಬೆಂಗಳೂರಿನಲ್ಲಿ ಓಡಾಡುವವರಿಗೆ ಉಪಯೋಗ. ನಮ್ಮ ಬಯಲುಸೀಮೆಯಲ್ಲಿ ಆಕಾಶ ತೆರೆದೇ ಇರುತ್ತದೆ, ಸಾಧಾರಣ ಫೋನು ಕೂಡ ಸುಮಾರು 5 ಮೀಟರ್ ಒಳಗೆ ಜಾಗ ಹಿಡಿಯುತ್ತದೆ. ಇಸ್ರೋದ ನಾವಿಕ್, ಅಂದರೆ ದಾರಿ ತೋರಿಸುವ ನಮ್ಮದೇ ಉಪಗ್ರಹಗಳ ಸಂಕೇತ, ಇದ್ದರೆ ನನಗೂ ಖುಷಿಯೇ. ಆದರೆ ಅದಿಲ್ಲ ಅನ್ನುವ ಕಾರಣಕ್ಕೆ ಒಳ್ಳೆಯ ಫೋನ್ ಬಿಡಬೇಡಿ. ಜಿಪಿಎಸ್ ಜೊತೆಗೆ ರಷ್ಯಾ, ಯುರೋಪ್, ಚೀನಾದ ಉಪಗ್ರಹಗಳನ್ನೂ ಫೋನು ಬಳಸಿಕೊಳ್ಳುತ್ತದೆ.

ಆ 5 ಮೀಟರ್ ಲೆಕ್ಕದಿಂದಲೇ ಇನ್ನೊಂದು ವಿಷಯ ಅರ್ಥವಾಗುತ್ತದೆ. ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆ ಹೋಗುವಾಗ ನೀವು ಮೇಲಿನ ರಸ್ತೆಯಲ್ಲಿದ್ದೀರೋ ಪಕ್ಕದ ಸರ್ವಿಸ್ ರಸ್ತೆಯಲ್ಲಿದ್ದೀರೋ ಎಂದು ಮ್ಯಾಪ್‌ಗೆ ಗೊಂದಲ ಆಗುತ್ತದಲ್ಲ, ಅದು ಫೋನಿನ ದೋಷ ಅಲ್ಲ. ಎರಡು ರಸ್ತೆಗಳ ನಡುವೆ ಇರುವ ಅಂತರವೇ ಅಷ್ಟು. ಐವತ್ತು ಸಾವಿರದ ಫೋನ್ ತೆಗೆದುಕೊಂಡರೂ ಈ ಗೊಂದಲ ಪೂರ್ತಿ ಹೋಗುವುದಿಲ್ಲ. ಹಾಗೆಯೇ ಗೊಲ್ಲರಹಟ್ಟಿ, ಹೊಸಹಳ್ಳಿ, ತಾಂಡಾ ಇಂಥ ಹೆಸರು ಟೈಪ್ ಮಾಡಿ ಹೊರಡಬೇಡಿ. ಒಂದೇ ಹೆಸರಿನ ಊರು ಎಷ್ಟೋ ಇವೆ. ವಾಟ್ಸಾಪ್‌ನಲ್ಲಿ ಲೊಕೇಶನ್ ತರಿಸಿಕೊಳ್ಳಿ. ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಅಪರೂಪಕ್ಕೆ ದಾರಿ ನೋಡುವವರು ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಕಿಲ್ಲ. ದಿಕ್ಸೂಚಿ ಇದೆಯೇ ಎಂದು ನೋಡಿಕೊಂಡರೆ ಮುಕ್ಕಾಲು ಕೆಲಸ ಆಯಿತು.

ಉಳಿದ ಕಾಲು ಭಾಗ ಬಿಸಿಲಿನದ್ದು. ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಡಿಯ ಮುಂದೆ ಸಿಕ್ಕಿಸಿದ ಫೋನಿನ ಪರದೆ ಕಾಣಬೇಕು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಪರದೆಯೂ ಚೆನ್ನಾಗಿಯೇ ಕಾಣುತ್ತದೆ, ಬೀದಿಗೆ ತಂದು ನೋಡಿ. ಫೋನು ಬಿಸಿಯಾದರೆ ತಾನಾಗಿಯೇ ಪರದೆ ಮಂಕಾಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ. ಇದು ದುಬಾರಿ ಫೋನಿಗೂ ತಪ್ಪಿದ್ದಲ್ಲ. ಐಫೋನ್ ಬಳಸಲು 35 ಡಿಗ್ರಿಯವರೆಗಿನ ವಾತಾವರಣ ಸೂಕ್ತ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ನಮ್ಮ ಬೇಸಿಗೆ ಅದನ್ನು ಸುಲಭವಾಗಿ ದಾಟುತ್ತದೆ. ಕಾರಿನಲ್ಲಾದರೆ ಎಸಿ ಗಾಳಿ ಬರುವ ಕಿಂಡಿಗೆ ಸ್ಟ್ಯಾಂಡ್ ಹಾಕಿಸಿ, ಗಾಜಿನ ಕೆಳಗೆ ಬೇಡ. ಧೂಳಿನ ದಾರಿಯಲ್ಲಿ ಓಡಾಡುವವರು ಐಪಿ ಸಂಖ್ಯೆಯನ್ನೂ ನೋಡಬೇಕು. ಮೊದಲ ಅಂಕಿ ಧೂಳಿಗೆ, 6 ಅಂದರೆ ಒಳಗೆ ಹೋಗುವುದೇ ಇಲ್ಲ. ಎರಡನೆಯದು ನೀರಿಗೆ, 4 ಅಂದರೆ ಎರಚಲು ತಡೆಯುತ್ತದೆ, 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ.

ಬ್ಯಾಟರಿ 5000 ಎಂಎಎಚ್ ಇದ್ದರೆ ಸಾಕು. ಪರದೆ ಹಚ್ಚಿಟ್ಟು ದಾರಿ ನೋಡಿದರೆ ನನ್ನ ಫೋನಿನಲ್ಲಿ ಗಂಟೆಗೆ ಶೇಕಡಾ 12ರಿಂದ 15 ಇಳಿಯುತ್ತದೆ.

ನೆಟ್‌ವರ್ಕ್ ಬಗ್ಗೆ ಒಂದೇ ಮಾತು. ಜಿಯೋ 5ಜಿ ಬಳಸುವವರು ಫೋನು ಎನ್28 ಬ್ಯಾಂಡ್ ಹಿಡಿಯುತ್ತದೆಯೇ ನೋಡಿ. ಅದು 700 ಮೆಗಾಹರ್ಟ್ಸ್, ಗೋಡೆ ದಾಟಿ ದೂರದವರೆಗೆ ಬರುವ ಸಂಕೇತ. ಎರಡು ಬೇರೆ ಕಂಪನಿಯ ಸಿಮ್ ಹಾಕಿಕೊಂಡರೆ ಮೊಳಕಾಲ್ಮೂರು, ಜಗಳೂರು ಕಡೆ ಒಂದಾದರೂ ಹಿಡಿಯುತ್ತದೆ.

ಈಗ ಒಂದೊಂದೇ ಆಯ್ಕೆ

ಮೊದಲು ಯಾರೂ ಹೇಳದ ಆಯ್ಕೆ: ಹಳೆಯ ಫೋನಿಗೇ ಹೊಸ ಬ್ಯಾಟರಿ. ನಿಮ್ಮ ಫೋನಿಗೆ 6 ಜಿಬಿ ರ‍್ಯಾಮ್ ಇದ್ದು, ಅಪ್‌ಡೇಟ್ ಇನ್ನೂ ಒಂದೆರಡು ವರ್ಷ ಬರುವಂತಿದ್ದು, ತೊಂದರೆ ಬರೀ ಚಾರ್ಜ್ ನಿಲ್ಲದಿರುವುದು ಮಾತ್ರ ಆಗಿದ್ದರೆ ಹೊಸದು ಬೇಡವೇ ಬೇಡ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಬದಲಿಸಿ. ರಸ್ತೆ ಬದಿ ಅಗ್ಗದ ಬ್ಯಾಟರಿ ಹಾಕಿಸಬೇಡಿ, ಅದು ಊದಿಕೊಂಡರೆ ಪರದೆಯನ್ನೇ ಎಬ್ಬಿಸುತ್ತದೆ. ಭಾವನ ಫೋನನ್ನು ನಾನು ಮೊದಲು ಈ ಕಣ್ಣಿನಿಂದಲೇ ನೋಡಿದೆ. ಅವರದ್ದು 3 ಜಿಬಿ ರ‍್ಯಾಮಿನದ್ದು, ಅಪ್‌ಡೇಟ್ ನಿಂತು ಮೂರು ವರ್ಷ ಆಗಿತ್ತು. ಅದಕ್ಕೆ ಖರ್ಚು ಮಾಡುವುದು ದಂಡ.

ಎರಡನೆಯದು ಹತ್ತರಿಂದ ಹದಿಮೂರು ಸಾವಿರದ ಹೊಸ ಫೋನು. ಕರೆ, ವಾಟ್ಸಾಪ್, ಯುಪಿಐ ಎಲ್ಲ ಆಗುತ್ತದೆ. ದೊಡ್ಡ ಬ್ಯಾಟರಿ ಸಿಗುತ್ತದೆ, ಕೆಲವದರಲ್ಲಿ 6000 ಎಂಎಎಚ್ ಕೂಡ. ಕೊರತೆ ಎಲ್ಲಿ ಅಂದರೆ ನಾನು ಮೇಲೆ ಹೇಳಿದ ಜಾಗಗಳಲ್ಲೇ. ಬಿಸಿಲಿಗೆ ಪರದೆ ಕಾಣುವುದಿಲ್ಲ. ರ‍್ಯಾಮ್ ಹೆಚ್ಚಾಗಿ ನಾಲ್ಕು. ಅಪ್‌ಡೇಟ್ ಬಹಳಷ್ಟರಲ್ಲಿ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ದಿಕ್ಸೂಚಿ ಇರಬಹುದು, ಇಲ್ಲದಿರಬಹುದು. ಬೇಡದ ಆ್ಯಪ್‌ಗಳು ತುಂಬಿ ಬಂದಿರುತ್ತವೆ, ಜಾಹೀರಾತಿನ ಕಾಟ ಬೇರೆ. ಕೈಯಲ್ಲಿ ಅಷ್ಟೇ ದುಡ್ಡಿದೆ ಅನ್ನುವವರು ಹೆದರಬೇಕಿಲ್ಲ. 6 ಜಿಬಿ ರ‍್ಯಾಮ್ ಇರುವುದನ್ನು ಹುಡುಕಿ, ನೀಲಿ ಬೆಳಕಿನ ಪರೀಕ್ಷೆ ಮಾಡಿ, ಕೊಂಡ ದಿನವೇ ಬೇಡದ ಆ್ಯಪ್ ತೆಗೆದುಹಾಕಿ. ಎರಡು ವರ್ಷ ಚೆನ್ನಾಗಿಯೇ ನಡೆಯುತ್ತದೆ.

ಮೂರನೆಯದು ಹದಿನೆಂಟರಿಂದ ಇಪ್ಪತ್ತೈದು ಸಾವಿರದ್ದು. ನಮ್ಮಂಥವರ ಜಾಗ ಇದೇ ಎಂದು ನನಗೆ ಅನ್ನಿಸುವುದು. ಉದಾಹರಣೆಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ. 2024ರ ಅಕ್ಟೋಬರ್‌ನಲ್ಲಿ 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜಿನದ್ದು ₹18,999ಕ್ಕೆ ಬಂತು. ಆರು ವರ್ಷ ಅಪ್‌ಡೇಟ್ ಮಾತು ಕೊಟ್ಟಿದ್ದಾರೆ, ಅಂದರೆ 2030ರವರೆಗೆ. ಅಮೊಲೆಡ್ ಪರದೆ, 5000 ಎಂಎಎಚ್ ಬ್ಯಾಟರಿ. ಧೂಳು ನೀರಿಗೆ ಐಪಿ54, ಮಳೆ ಹನಿಗೆ ಪರವಾಗಿಲ್ಲ, ಕೆರೆಗೆ ಬಿದ್ದರೆ ಕಷ್ಟ. ವೇಗ ಸಾಧಾರಣ. ಕೆಲಸಕ್ಕೆ ಸಾಕು, ಆದರೆ ನಾಲ್ಕೈದು ವರ್ಷದ ಹೊತ್ತಿಗೆ ನಿಧಾನ ಅನ್ನಿಸಬಹುದು. ಅದೇ ಸಾಲಿನ ಎ26 5ಜಿ 2025ರಲ್ಲಿ ₹24,999ಕ್ಕೆ ಬಂತು. ಅದಕ್ಕೂ ಆರು ವರ್ಷ, ಜೊತೆಗೆ ಐಪಿ67. ಆ ಆರು ಸಾವಿರ ಜಾಸ್ತಿ ಕೊಡುವುದು ಯಾರಿಗೆ ಸರಿ ಅಂದರೆ, ಮಳೆ ಧೂಳಿನಲ್ಲಿ ದಿನಾ ಇರುವವರಿಗೆ. ಅಂಗಡಿಯಲ್ಲಿ ಕೂರುವವರಿಗೆ ಎ16 ಸಾಕು. ಎರಡರ ಡಬ್ಬಿಯಲ್ಲೂ ಚಾರ್ಜರ್ ಬರುವುದಿಲ್ಲ, ಆ ಖರ್ಚು ಸೇರಿಸಿಕೊಳ್ಳಿ.

ಇದೇ ಬೆಲೆಯಲ್ಲಿ ಬೇರೆ ಕಂಪನಿಗಳ ಫೋನುಗಳೂ ಇವೆ. ಕೆಲವು ಇನ್ನೂ ವೇಗ, ಚಾರ್ಜಿಂಗ್ ಅರ್ಧ ಮುಕ್ಕಾಲು ಗಂಟೆಗೆ ಮುಗಿಯುತ್ತದೆ, ಡಬ್ಬಿಯಲ್ಲೇ ಚಾರ್ಜರ್ ಕೊಡುತ್ತಾರೆ. ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ತುಂಬಿಸಿಕೊಂಡು ಮತ್ತೆ ಹೊರಡುವವರಿಗೆ ಅದು ದೊಡ್ಡ ಅನುಕೂಲವೇ. ಆದರೆ ಅಪ್‌ಡೇಟ್ ಯಾವ ವರ್ಷದವರೆಗೆ ಎಂದು ಕೇಳಿ, ಆಮೇಲೆ ತೂಗಿ ನೋಡಿ. ಎರಡೇ ವರ್ಷಕ್ಕೆ ಫೋನ್ ಬದಲಿಸುವವರು ವೇಗದ್ದನ್ನೇ ತೆಗೆದುಕೊಳ್ಳಲಿ. ಐದು ವರ್ಷ ಇಟ್ಟುಕೊಳ್ಳುವವರು ವರ್ಷ ನೋಡಲಿ.

ನಾಲ್ಕನೆಯದು ಸೆಕೆಂಡ್ ಹ್ಯಾಂಡ್ ದೊಡ್ಡ ಫೋನು. ಇದರಲ್ಲಿ ಲಾಭವೂ ಇದೆ, ಗುಂಡಿಯೂ ಇದೆ. ಗ್ಯಾಲಕ್ಸಿ ಎಸ್23 ಮತ್ತು ಎಸ್24 ಪಕ್ಕಪಕ್ಕ ಇಟ್ಟರೆ ನೋಡಲು ಅಣ್ಣ ತಮ್ಮ. ಎಸ್23 ಬಂದದ್ದು 2023ರ ಆರಂಭದಲ್ಲಿ, ಐದು ವರ್ಷದ ಮಾತು, 2028ಕ್ಕೆ ಮುಗಿಯುತ್ತದೆ. ಎಸ್24 ಬಂದದ್ದು 2024ರ ಜನವರಿಯಲ್ಲಿ, ಏಳು ವರ್ಷದ ಮಾತು, 2031ರವರೆಗೆ. ಒಂದೇ ವರ್ಷದ ಅಂತರದ ಫೋನು, ಆಯುಷ್ಯದಲ್ಲಿ ಮೂರು ವರ್ಷ ವ್ಯತ್ಯಾಸ. ಹಳೆಯದಕ್ಕೆ ನಾಲ್ಕೈದು ಸಾವಿರ ಕಡಿಮೆ ಎಂದು ಆಸೆಪಟ್ಟರೆ ಕಳೆದುಕೊಳ್ಳುವುದೇ ಹೆಚ್ಚು. ದೊಡ್ಡ ಫೋನುಗಳಲ್ಲಿ ದಿಕ್ಸೂಚಿ, ಗೈರೋ, ಪರದೆ ಯಾವುದಕ್ಕೂ ಕೊರತೆ ಇರುವುದಿಲ್ಲ. ಕೊರತೆ ಬ್ಯಾಟರಿಯಲ್ಲಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿ, ಶೇಕಡಾ 80ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಕಳವಿನ ಮಾಲು ಅಲ್ಲ ಎಂದು ಖಚಿತ ಮಾಡಿಕೊಳ್ಳುವುದು ಬಹಳ ಮುಖ್ಯ. *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಅದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪ್‌ನಲ್ಲಿ ಹಾಕಿ ನೋಡಿ. ಮೂಲ ಬಿಲ್ಲು ಕೇಳಿ. ಹಳೆಯ ಮಾಲೀಕರ ಗೂಗಲ್ ಅಥವಾ ಆ್ಯಪಲ್ ಅಕೌಂಟ್ ನಿಮ್ಮೆದುರೇ ತೆಗೆಸಿ. ಬಿಲ್ಲಿಲ್ಲ, ಡಬ್ಬಿಯಿಲ್ಲ, "ನಮ್ಮ ಹುಡುಗಂದೇ ಫೋನು" ಅನ್ನುವವರ ಹತ್ತಿರ ಎಷ್ಟೇ ಅಗ್ಗವಾದರೂ ಬೇಡ. ಯಾರದೋ ಕಣ್ಣೀರಿನ ಫೋನು ನಿಮ್ಮ ಜೇಬಿಗೆ ಬರಬಾರದು, ಪೊಲೀಸ್ ಠಾಣೆಯ ಓಡಾಟವೂ ಬರಬಾರದು.

ಐದನೆಯದು ಐವತ್ತು ಸಾವಿರ ಮತ್ತು ಮೇಲಿನದ್ದು. ಗೂಗಲ್ ಕಂಪನಿಯ ಪಿಕ್ಸೆಲ್ 9ಎ 2025ರಲ್ಲಿ ₹49,999ಕ್ಕೆ ಬಂತು, ಏಳು ವರ್ಷ ಅಪ್‌ಡೇಟ್, ಐಪಿ68. ಐಫೋನ್ 16ಇ ಅದೇ ವರ್ಷ ₹59,900ಕ್ಕೆ. ಎರಡೂ ಒಳ್ಳೆಯ ಫೋನುಗಳೇ. ಕ್ಯಾಮೆರಾ ನಿಮ್ಮ ಕೆಲಸದ ಭಾಗವಾಗಿದ್ದರೆ ಕೊಟ್ಟ ದುಡ್ಡಿಗೆ ಅರ್ಥ ಇದೆ. ಕೊಳ್ಳುವ ಮುಂಚೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ. ಪರದೆ ಒಡೆದಾಗ ಬೆಂಗಳೂರಿಗೆ ಬಸ್ ಹತ್ತಬೇಕಾದರೆ ಒಂದು ದಿನದ ಕೆಲಸ ಹೋಯಿತು. ಕರೆ ರೆಕಾರ್ಡ್ ಮಾಡಿಟ್ಟುಕೊಳ್ಳುವ ಅಭ್ಯಾಸ ಇರುವ ವ್ಯಾಪಾರಿಗಳು ಒಂದು ತಿಳಿದಿರಲಿ: ಐಫೋನ್‌ನಲ್ಲಿ ರೆಕಾರ್ಡ್ ಒತ್ತಿದರೆ ಎದುರಿನವರಿಗೂ ಕೇಳುವಂತೆ ಅದು ಹೇಳಿಬಿಡುತ್ತದೆ.

ಬೈಕ್ ಓಡಿಸುವವರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ. ದುಬಾರಿ ಫೋನಿನ ಕ್ಯಾಮೆರಾದಲ್ಲಿ ಕೈ ನಡುಗಿದರೂ ಚಿತ್ರ ಅಲುಗದಂತೆ ತಡೆಯುವ ಸೂಕ್ಷ್ಮ ಭಾಗ ಇರುತ್ತದೆ, ಓಐಎಸ್ ಅನ್ನುತ್ತಾರೆ. ದೊಡ್ಡ ಬೈಕಿನ ಎಂಜಿನ್ ಕಂಪನಕ್ಕೆ ಅದು ಹಾಳಾಗಬಹುದು ಎಂದು ಆ್ಯಪಲ್ 2021ರಲ್ಲಿ ತಾನೇ ಎಚ್ಚರಿಸಿತ್ತು. ಹ್ಯಾಂಡಲ್‌ಗೆ ನೇರ ಸಿಕ್ಕಿಸಬೇಡಿ, ಕಂಪನ ಹೀರುವ ಸ್ಟ್ಯಾಂಡ್ ಹಾಕಿಸಿ. ಕೈಯಲ್ಲಿ ಹಿಡಿದು ಓಡಿಸುವುದಂತೂ ಬೇಡವೇ ಬೇಡ. ದಾರಿ ನೋಡಲು ಮಾತ್ರ, ಅದೂ ಗಮನ ತಪ್ಪದ ಹಾಗೆ ಫೋನ್ ಬಳಸಬಹುದು ಎಂದು 2020ರ ಅಕ್ಟೋಬರ್‌ನಿಂದ ಮೋಟಾರು ವಾಹನ ನಿಯಮದಲ್ಲಿದೆ.

ವರ್ಷಕ್ಕೆ ಎಷ್ಟು ಬಿತ್ತು

ಭಾವ ವ್ಯಾಪಾರಸ್ಥರು. ಅವರಿಗೆ ಹೀಗೆ ಲೆಕ್ಕ ಹಾಕಿ ತೋರಿಸಿದೆ. ಹನ್ನೊಂದು ಸಾವಿರದ ಫೋನು ಎರಡು ವರ್ಷ ನಡೆದರೆ ವರ್ಷಕ್ಕೆ 5,500. ಹತ್ತೊಂಬತ್ತು ಸಾವಿರದ್ದು ನಾಲ್ಕು ವರ್ಷ ನಡೆದರೆ 4,750. ಇಪ್ಪತ್ತೈದು ಸಾವಿರದ್ದು ಐದು ವರ್ಷಕ್ಕೆ 5,000. ಐವತ್ತು ಸಾವಿರದ್ದು ಏಳೂ ವರ್ಷ ಬಳಸಿದರೂ 7,000ಕ್ಕಿಂತ ಮೇಲೆ, ನಡುವೆ ಒಂದು ಬ್ಯಾಟರಿ ಬೇರೆ. ಎಷ್ಟು ವರ್ಷ ನಡೆಯುತ್ತದೆ ಅನ್ನುವುದು ನನ್ನ ಅಂದಾಜು, ನಿಮ್ಮ ಅಭ್ಯಾಸದ ಪ್ರಕಾರ ನೀವು ಬದಲಿಸಿಕೊಳ್ಳಿ. ಅಗ್ಗದ್ದು ಅಗ್ಗ ಅಲ್ಲ ಅನ್ನುವುದು ಕಾಗದದ ಮೇಲೆ ಬರೆದಾಗ ಅವರಿಗೂ ಕಂಡಿತು.

ಜಿಎಸ್‌ಟಿ ಕಟ್ಟುವ ವ್ಯಾಪಾರಿಗಳಿಗೆ ಇನ್ನೊಂದು ಉಳಿತಾಯ ಇದೆ. ಮೊಬೈಲ್ ಮೇಲೆ ತೆರಿಗೆ ಶೇಕಡಾ 18. ₹18,999ರಲ್ಲಿ ಸುಮಾರು ₹2,900 ತೆರಿಗೆಯೇ. ಫೋನು ವ್ಯಾಪಾರಕ್ಕೇ ಆಗಿದ್ದು, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆಯಬಹುದು. ಕಾಂಪೋಸಿಷನ್‌ನಲ್ಲಿ ಇರುವವರಿಗೆ ಇದು ಸಿಗುವುದಿಲ್ಲ. ನಿಮ್ಮ ಲೆಕ್ಕ ಬರೆಯುವವರನ್ನು ಒಂದು ಮಾತು ಕೇಳಿ, ಬಿಲ್ ಮಾಡಿಸುವ ಮುಂಚೆಯೇ ಕೇಳಿ.

ಮೂವರಿಗೆ ನಾನು ಹೇಳಿದ್ದು

ಭಾವನಿಗೆ ಮೂರನೆಯ ಸಾಲಿನ ಅಗ್ಗದ್ದು, ಎ16 ಥರದ್ದು. ಅವರು ಹೆಚ್ಚಾಗಿ ಅಂಗಡಿ ಮತ್ತು ಮಿಲ್ಲಿನಲ್ಲಿ ಇರುವವರು. ಇನ್‌ಪುಟ್ ಕ್ರೆಡಿಟ್ ಸೇರಿಸಿದರೆ ಅವರ ಇಪ್ಪತ್ತು ಸಾವಿರದಲ್ಲಿ ಚಾರ್ಜರ್, ಕವರ್ ಎಲ್ಲ ಬಂದು ಇನ್ನೂ ಉಳಿಯುತ್ತದೆ.

ತಂಗಿಯ ಜೊತೆ ಜಾಸ್ತಿ ಹೊತ್ತು ಮಾತಾಯಿತು. "ಅಣ್ಣ, ನನ್ನ ಹತ್ರ ಹದಿನೈದೇ ಇರೋದು" ಎಂದಳು. ಆದರೆ ಮೂವರಲ್ಲಿ ಒಳ್ಳೆಯ ಫೋನು ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವಳಿಗೇ. ಒಬ್ಬಳೇ ಓಡಾಡುತ್ತಾಳೆ, ಮಳೆ ಬಿಸಿಲು ಧೂಳು ಎಲ್ಲ ಅವಳ ಪಾಲಿಗೆ. ದಾರಿ ತಪ್ಪಿದರೆ ನನ್ನ ಹಾಗೆ ಕತ್ತಲಲ್ಲಿ ಯಾರನ್ನೋ ಕೇಳಿಕೊಂಡು ಹೋಗು ಎಂದು ಅವಳಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಐಪಿ67 ಇರುವುದನ್ನೇ ತೆಗೆದುಕೋ, ಉಳಿದ ಹತ್ತನ್ನು ಬಡ್ಡಿಯಿಲ್ಲದ ಕಂತು ಸಿಕ್ಕರೆ ಕಂತಿನಲ್ಲಿ ಕಟ್ಟು, ಮೊದಲ ಮೂರು ಕಂತು ನನ್ನದು ಎಂದೆ. ಪ್ರೊಸೆಸಿಂಗ್ ಶುಲ್ಕ ಎಷ್ಟು ಎಂದು ಕೇಳಿಯೇ ಸಹಿ ಮಾಡಬೇಕು, ಬಡ್ಡಿಯಿಲ್ಲ ಅಂದದ್ದು ಕೆಲವೊಮ್ಮೆ ಶುಲ್ಕದಲ್ಲಿ ಬಂದಿರುತ್ತದೆ.

ದೊಡ್ಡಪ್ಪನ ಮಗನಿಗೆ ಐಫೋನ್ ಬೇಡ ಎಂದು ನಾನು ಹೇಳಲಿಲ್ಲ. ಅವನ ದುಡಿಮೆ, ಅವನ ಆಸೆ. ಕೇಳಿದ್ದು ಒಂದೇ: ಸೈಟಿನಲ್ಲಿ ಸಿಮೆಂಟು, ಜಲ್ಲಿ ಪುಡಿಯ ನಡುವೆ ಫೋನು ಎಲ್ಲಿಡುತ್ತೀಯ? ಒಂದು ದಿನ ಯೋಚಿಸಿ ಅವನೇ ಹೇಳಿದ, ಸೈಟಿಗೆ ಬೇರೆ ಫೋನ್ ಬೇಕಾಗುತ್ತದೆ ಎಂದು. ಎರಡು ಫೋನಿಗೆ ದುಡ್ಡಿದ್ದರೆ ಆಗಬಹುದು. ಒಂದೇ ಅಂದರೆ ಅವನಿಗೂ ತಂಗಿಯದ್ದೇ ಸರಿ. ಅವನಿನ್ನೂ ತೀರ್ಮಾನ ಮಾಡಿಲ್ಲ.

ನೀವು ದಾವಣಗೆರೆಯ ಪಿ.ಬಿ. ರಸ್ತೆಯಲ್ಲೋ ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲೋ ಫೋನ್ ಕೊಂಡ ಮೇಲೆ, ಡಬ್ಬಿ ಮತ್ತು ಬಿಲ್ಲು ಜೋಪಾನವಾಗಿಡಿ. ಬದಲಿಸಿಕೊಡುವ ಅವಧಿ ಸಾಮಾನ್ಯವಾಗಿ ಒಂದು ವಾರಕ್ಕಿಂತ ಜಾಸ್ತಿ ಇರುವುದಿಲ್ಲ. ಆ ವಾರದೊಳಗೇ ಒಂದು ಭಾನುವಾರ ಮ್ಯಾಪ್ ಹಾಕಿಕೊಂಡು ಸೂಳೆಕೆರೆಗೋ ವಾಣಿ ವಿಲಾಸ ಸಾಗರಕ್ಕೋ ಹೋಗಿಬನ್ನಿ. ಮಧ್ಯಾಹ್ನ ಹನ್ನೆರಡರ ಬಿಸಿಲಿಗೇ ಹೊರಡಿ. ಅರ್ಧ ದಾರಿಯಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಒಂದು ಕವಲಿನಲ್ಲಿ ಗಾಡಿ ನಿಲ್ಲಿಸಿ, ಬಾಣ ಯಾವ ಕಡೆ ತೋರಿಸುತ್ತದೆ ನೋಡಿ.